ಎಂಟು ಜನ, ನಾಲ್ಕು ದಿನ ಕೊಡಗು: ಟೆಂಟ್ ಎಲ್ಲಿ ಹಾಕೋದು?

ಎರಡು ಕಾರಿನಲ್ಲಿ ಎಂಟು ಜನ ಬಂದು, ನಾಲ್ಕೇ ದಿನದಲ್ಲಿ ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿ, ನಾಗರಹೊಳೆ ಎಲ್ಲಾ ನೋಡಿ, ರಾತ್ರಿ ಬೆಟ್ಟದ ಮೇಲೇ ಟೆಂಟ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೆಟ್ಟದ ಮೇಲೆ ಟೆಂಟ್ ಬೇಡ. ಅದು ಅರಣ್ಯ ಇಲಾಖೆಯ ಕಾಡು, ಆನೆ ಓಡಾಡುವ ಜಾಗ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡಬೇಕು. ಪುಷ್ಪಗಿರಿಯನ್ನೂ ಈ ಸಲ ಬಿಡಿ. ಅದು ಸೋಮವಾರಪೇಟೆ ಕಡೆ, ಉಳಿದದ್ದೆಲ್ಲ ದಕ್ಷಿಣಕ್ಕೆ. ಅರ್ಧ ದಿನ ಸುಮ್ನೆ ಕಾರಿನಲ್ಲೇ ಹೋಗುತ್ತೆ.

ನಾವು ಏಳು ಜನ ಡಿಸೆಂಬರ್‌ನಲ್ಲಿ ಹೋಗಿದ್ದೆವು. ತಡಿಯಂಡಮೋಳ್ ಬುಡದ ಕಕ್ಕಬ್ಬೆ ಹತ್ತಿರ ಒಂದು ಹೋಂಸ್ಟೇಯವರನ್ನು ಕೇಳಿ ಅವರ ಕಣದ ಪಕ್ಕದಲ್ಲೇ ಟೆಂಟ್ ಹಾಕಿದೆವು. ಕಣದ ತುಂಬಾ ಕಾಫಿ ಹಣ್ಣು ಒಣಗಲು ಹರಡಿದ್ದರು, ರಾತ್ರಿಯೆಲ್ಲ ಅದರ ಹುಳಿ ವಾಸನೆ. ಚಳಿ ಅಂತ ಟೆಂಟಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಬೆಳಗಾಗುವಷ್ಟರಲ್ಲಿ ನಮ್ಮ ಉಸಿರೇ ನೀರಾಗಿ ಮೇಲಿನ ಬಟ್ಟೆಯಿಂದ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಎಷ್ಟೇ ಚಳಿ ಇರಲಿ, ಒಂದು ಕಿಟಕಿ ತೆಗೆದಿಡಿ.

ತಡಿಯಂಡಮೋಳ್ 1748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆ ಕಡೆಯಿಂದ ಹತ್ತುವುದು. ಮೊದಲರ್ಧ ಸುಲಭ. ಆಮೇಲೆ ಶೋಲಾ, ಅಂದರೆ ಬೆಟ್ಟದ ಮಡಿಲಲ್ಲಿ ಬೆಳೆಯುವ ದಟ್ಟ ಕಾಡು ಸಿಗುತ್ತೆ: ಕತ್ತಲು, ಕಡಿದಾದ ಏರು, ಬೇರು ಹಿಡಿದೇ ಹತ್ತಬೇಕು. ಅದು ದಾಟಿದರೆ ಬರೀ ಹುಲ್ಲು, ಗಾಳಿ, ಆಕಾಶ. ಆ ಕ್ಷಣಕ್ಕಾಗಿಯೇ ನಾನು ಇನ್ನೊಂದು ಸಲ ಹೋಗುತ್ತೇನೆ.

ಇಳಿಯುವಾಗ ಒಂದು ತಪ್ಪಾಯಿತು. ಜೋರಾಗಿ ನಡೆಯುವ ಇಬ್ಬರು ಮುಂದೆ ಹೋಗಿಬಿಟ್ಟರು, ಮಂಡಿ ನೋವಿದ್ದ ಗೆಳತಿ ಹಿಂದೆ ಉಳಿದಳು. ಕುಡಿಯುವ ನೀರೆಲ್ಲ ಮುಂದೆ ಹೋದವರ ಚೀಲದಲ್ಲಿತ್ತು, ಫೋನ್ ಸಿಗಲಿಲ್ಲ. ಒಬ್ಬೊಬ್ಬರ ಚೀಲದಲ್ಲೂ ಎರಡು ಲೀಟರ್ ನೀರು ಇರಲಿ. ನಿಧಾನ ನಡೆಯುವವರನ್ನು ಮುಂದೆ ಬಿಡಿ.

ಎರಡು ರಾತ್ರಿ ಕಕ್ಕಬ್ಬೆ ಕಡೆ ಕಳೆದು, ಮೂರನೆಯ ದಿನ ಶ್ರೀಮಂಗಲ, ಕುಟ್ಟ ಕಡೆ ಬನ್ನಿ. ಇರ್ಪು ಜಲಪಾತದಿಂದ ಬ್ರಹ್ಮಗಿರಿ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ಮಾಡಿಸಿಕೊಳ್ಳಿ. ಇಡೀ ದಿನ ಬೇಕಾಗುತ್ತೆ. ಕಾಲು ಸೋತಿದ್ದರೆ ಇರ್ಪುವಿನಲ್ಲಿ ಸ್ನಾನ ಮಾಡಿ ಬನ್ನಿ, ಸಾಕು. ನಾಗರಹೊಳೆಯಲ್ಲಿ ನಡೆಯಲು ಬಿಡುವುದಿಲ್ಲ. ಇಲಾಖೆಯ ಸಫಾರಿ ವಾಹನವೇ ಗತಿ, ಅದು ನಡೆಯುತ್ತಿದೆಯಾ ಅಂತ ಹೊರಡುವ ಮುಂಚೆ ವಿಚಾರಿಸಿ.

ನವೆಂಬರ್‌ನಿಂದ ಜನವರಿವರೆಗೆ ಒಳ್ಳೆಯದು. ಮಳೆಗಾಲದಲ್ಲಿ ಜಿಗಣೆ ಕಾಟ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುತ್ತಾರೆ.

ಇನ್ನೊಂದು ಮಾತು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ತೋಟದೊಳಗೆ ಸುತ್ತಾಡಬೇಡಿ. ನಮ್ಮ ಟೆಂಟಿನಿಂದ ಕೂಗಳತೆಯಲ್ಲೇ ಮುರಿದ ಬೈನೆ ಮರ ಬಿದ್ದಿತ್ತು. ಹಿಂದಿನ ರಾತ್ರಿ ಆನೆ ಬಂದಿತ್ತು ಅಂತ ಮನೆಯವರು ಬೆಳಿಗ್ಗೆ ಕಾಫಿ ಕೊಡುತ್ತಾ ಹೇಳಿದರು.