ಮನೆಮಂದಿಯೆಲ್ಲ ಹಸಿ ಆಹಾರಕ್ಕೆ ಬದಲಾಗಬಹುದೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರರು. ನಮ್ಮನೆಯವರಿಗೆ 52 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ. ಕೊಲೆಸ್ಟ್ರಾಲೂ ಸ್ವಲ್ಪ ಜಾಸ್ತಿ. ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ ಬೇಯಿಸಿದ್ದನ್ನು ಮುಟ್ಟುತ್ತಿಲ್ಲ. ಬೆಳಿಗ್ಗೆ ಸೋರೆಕಾಯಿ ರಸ, ಮಧ್ಯಾಹ್ನ ಮೊಳಕೆಕಾಳು ಮತ್ತು ಹಸಿ ತರಕಾರಿ, ರಾತ್ರಿ ಹಣ್ಣು, ಇಷ್ಟೇ. ಮೂರು ವಾರದಲ್ಲಿ ನಾಲ್ಕು ಕೆಜಿ ಇಳಿದಿದ್ದಾರೆ, ಮೈ ಹಗುರ ಅನ್ನಿಸ್ತಿದೆ ಅಂತಾರೆ. ಬೇಯಿಸಿದರೆ ಆಹಾರದ ಕಿಣ್ವ ಸಾಯುತ್ತದೆ, ರೋಗ ಬರುವುದೇ ಅದರಿಂದ ಎಂದು ಅಲ್ಲಿ ಹೇಳಿಕೊಟ್ಟರಂತೆ. ಈಗ 14 ವರ್ಷದ ಮಗಳೂ ಅಪ್ಪನ ಜೊತೆ ಶುರು ಮಾಡಿದ್ದಾಳೆ. ಬಿಂಬುಳಿ (ಬಿಲಿಂಬಿ) ಕಾಯಿಯ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದೂ ಯಾರೋ ಹೇಳಿದ್ದಾರೆ, ನಮ್ಮ ಹಿತ್ತಲಲ್ಲೇ ಮರ ಇದೆ. ಮನೆಯವರೆಲ್ಲ ಹೀಗೆ ಬದಲಾಗಬಹುದೇ?

ಉತ್ತರ: ಮೊದಲು ಮಾತ್ರೆಯ ವಿಷಯ, ಏಕೆಂದರೆ ಅದು ಇವತ್ತೇ ಆಗಬೇಕಾದ ಕೆಲಸ. ಗ್ಲಿಮೆಪಿರೈಡ್ ದೇಹದಲ್ಲಿ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಅನ್ನ ಉಂಡಿರಿ, ಬಿಟ್ಟಿರಿ, ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಅನ್ನ, ಮುದ್ದೆ, ರೊಟ್ಟಿ ಎಲ್ಲ ಒಮ್ಮೆಲೇ ನಿಲ್ಲಿಸಿ ಹಳೆಯ ಡೋಸನ್ನೇ ಮುಂದುವರಿಸಿದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವ ಅಪಾಯವಿದೆ. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ತೋಟದಲ್ಲಿ ಒಬ್ಬರೇ ಇರುವಾಗ ಹೀಗಾದರೆ ನೋಡುವವರು ಯಾರು? ಮಾತ್ರೆಯನ್ನು ಅವರೇ ನಿಲ್ಲಿಸುವುದೂ ಬೇಡ. ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಈಗ ಏನು ಊಟ ಮಾಡುತ್ತಿದ್ದಾರೆಂದು ಬಿಡಿಸಿ ಹೇಳಿ. ಡೋಸ್ ಎಷ್ಟಿರಬೇಕೆಂದು ಅವರು ತೀರ್ಮಾನಿಸಲಿ.

ಬಿಂಬುಳಿ ರಸ ಖಂಡಿತ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ ಹತ್ತು ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಆ ಕಾಯಿಯಲ್ಲಿ ಆಕ್ಸಲೇಟ್ ವಿಪರೀತ. ರಸ ಹಿಂಡಿ ಕುಡಿದಾಗ ಅಷ್ಟೂ ಒಂದೇ ಸಲಕ್ಕೆ ರಕ್ತ ಸೇರಿ, ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳುಗಟ್ಟುತ್ತದೆ. ಸಾರಿಗೆ ನಾಲ್ಕು ಕಾಯಿ ಹಾಕಿದರೆ, ಉಪ್ಪಿನಕಾಯಿ ನಂಜಿಕೊಂಡರೆ ಆರೋಗ್ಯವಂತರಿಗೆ ಹೆದರಿಕೆಯಿಲ್ಲ. ಅದೇ ಜಾತಿಯ ಧಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಕಿಡ್ನಿ ತೊಂದರೆ ಇರುವವರು ಒಂದು ಹೋಳೂ ತಿನ್ನಬಾರದು. ಶುಗರ್ ಹಳೆಯದಾದಂತೆ ಕಿಡ್ನಿ ಸದ್ದಿಲ್ಲದೆ ಸೊರಗುವುದುಂಟು, ಹಾಗಾಗಿ ನಿಮ್ಮ ಮನೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಸೋರೆಕಾಯಿ ರಸವೂ ನಿರಪಾಯದ್ದೇನಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿ ರಸ ಕುಡಿದು ತೀರಿಕೊಂಡರು. ಅವರಿಗೂ ಮಧುಮೇಹವಿತ್ತು. ಆ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯಿಂದ ಇದನ್ನು ಪರಿಶೀಲಿಸಿತು. ಕೆಲವು ಸೋರೆಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಸೇರಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು, ಬೇಯಿಸಿದರೂ ಹೋಗದು. ಹೆಚ್ಚುವಾಗ ಒಂದು ಚೂರು ನಾಲಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಇಡೀ ಕಾಯಿ ಗೊಬ್ಬರಗುಂಡಿಗೆ. ಪಲ್ಯ ಕಹಿಯಾದರೆ ಒಂದು ತುತ್ತಿಗೇ ಉಗಿಯುತ್ತೇವೆ. ಆದರೆ ರಸವನ್ನು ಔಷಧಿಯೆಂದು ಮೂಗು ಮುಚ್ಚಿ ಪೂರ್ತಿ ಕುಡಿಯುತ್ತೇವೆ, ಹಾಗಲದ ಜೊತೆ ಬೆರೆಸಿದರೆ ಯಾವ ಕಹಿ ಯಾವುದರದ್ದೆಂದು ತಿಳಿಯುವುದೇ ಇಲ್ಲ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಇನ್ನು ಕಿಣ್ವದ ಮಾತು. ಬೇಯಿಸಿದರೆ ಕಿಣ್ವ ಕೆಡುವುದು ನಿಜ. ಆದರೆ ಸೊಪ್ಪಿನ ಕಿಣ್ವ ಇರುವುದು ಆ ಗಿಡದ ಕೆಲಸಕ್ಕೆ. ಅದು ನಮ್ಮ ಹೊಟ್ಟೆಯ ಆಮ್ಲಕ್ಕೆ ಬಿದ್ದರೆ ಉಳಿದ ಪ್ರೋಟೀನಿನ ಹಾಗೆಯೇ ಒಡೆದು ಜೀರ್ಣವಾಗುತ್ತದೆ. ನಮ್ಮ ಊಟ ಕರಗಿಸುವ ಕಿಣ್ವಗಳನ್ನು ಜೊಲ್ಲು, ಜಠರ, ಮೇದೋಜೀರಕ ಗ್ರಂಥಿಗಳೇ ಒದಗಿಸುತ್ತವೆ. ಬೆಂಕಿಗೆ ಹೋಗುವುದು ಮುಖ್ಯವಾಗಿ ವಿಟಮಿನ್ ಸಿ ಮತ್ತು ಕೆಲವು ಬಿ ವಿಟಮಿನ್‌ಗಳು. ಪೇರಲೆ, ನೆಲ್ಲಿಕಾಯಿ, ಚಕ್ಕೋತ ತಿಂದರೆ ಆ ಸಿ ವಿಟಮಿನ್ ಧಾರಾಳವಾಗಿ ಸಿಗುತ್ತದೆ. ಕ್ಯಾರೆಟ್ಟಿನ ಕೆರೋಟಿನ್, ಟೊಮೆಟೊದ ಲೈಕೋಪಿನ್ ಮಾತ್ರ ಬೆಂದು ಸ್ವಲ್ಪ ಎಣ್ಣೆ ಸೇರಿದಾಗಲೇ ಚೆನ್ನಾಗಿ ಮೈಗೆ ಹತ್ತುತ್ತವೆ.

ಹಾಗಿದ್ದರೆ ನಿಮ್ಮ ಮನೆಯವರಿಗೆ ಹಗುರ ಅನ್ನಿಸುತ್ತಿರುವುದು ಸುಳ್ಳೇ? ಅಲ್ಲ. ಸಕ್ಕರೆ ಹಾಕಿದ ಕಾಫಿ, ಬೇಕರಿ ತಿಂಡಿ, ಕರಿದದ್ದು, ರಾತ್ರಿಯ ರಾಶಿ ಅನ್ನ ನಿಂತಿದೆ, ನಾರಿನಂಶ ಹೆಚ್ಚಿದೆ. ಗುಣ ಕಾಣುತ್ತಿರುವುದು ಅದರಿಂದ, ಅದನ್ನು ಉಳಿಸಿಕೊಳ್ಳಲಿ. ಜರ್ಮನಿಯಲ್ಲಿ ವರ್ಷಗಟ್ಟಲೆ ಹಸಿ ಆಹಾರದಲ್ಲೇ ಇದ್ದವರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಕಡಿಮೆಯೇ ಇತ್ತು. ಜೊತೆಗೆ ಒಳ್ಳೆಯ ಕೊಲೆಸ್ಟ್ರಾಲೂ ಇಳಿದಿತ್ತು, ಶೇ. 38 ಮಂದಿಗೆ ಬಿ12 ಕೊರತೆಯಿತ್ತು. ಮೆಟ್‌ಫಾರ್ಮಿನ್ ಕೂಡ ಬಿ12 ತಗ್ಗಿಸುವ ಮಾತ್ರೆ. ಹಾಲು, ಮೊಸರು ಬಿಟ್ಟು ಹಸಿ ಸೊಪ್ಪಿನಲ್ಲೇ ಇದ್ದರೆ ಎರಡೂ ಕಡೆಯಿಂದ ಹೊಡೆತ. ಪಾದದಲ್ಲಿ ಉರಿ, ಜೋಮು ಬಂದರೆ ಶುಗರಿನದ್ದೇ ಎಂದುಕೊಂಡು ಸುಮ್ಮನಿರಬೇಡಿ, ಬಿ12 ಪರೀಕ್ಷೆ ಮಾಡಿಸಿ.

ನಿಮ್ಮ ಮಗಳು ಇದನ್ನು ಇವತ್ತೇ ನಿಲ್ಲಿಸಬೇಕು. ಮೂಳೆ ಗಟ್ಟಿಯಾಗುವ, ತಿಂಗಳ ಮುಟ್ಟು ನೆಲೆಗೊಳ್ಳುವ ವಯಸ್ಸು ಅವಳದು. ಜರ್ಮನಿಯದೇ 1999ರ ಅಧ್ಯಯನದಲ್ಲಿ, ಹಸಿ ಆಹಾರದಲ್ಲಿದ್ದ 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇ. 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೇ ನಿಂತೇಹೋಗಿತ್ತು. ಹೊಟ್ಟೆ ತುಂಬಿದಂತೆ ಅನ್ನಿಸಿದರೂ ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದಿದ್ದಾಗ ದೇಹ ಮೊದಲು ಉಳಿತಾಯ ಮಾಡುವುದು ಅಲ್ಲಿಯೇ. ಅವಳಿಗೆ ಅನ್ನ, ಬೇಳೆ, ಮೊಸರು, ನೀವು ತಿನ್ನುವವರಾದರೆ ಮೊಟ್ಟೆ, ಮೀನು ಎಲ್ಲ ಬೇಕು. ಬೈದು ಬಿಡಿಸಬೇಡಿ. ಅಪ್ಪನ ಮೇಲಿನ ಪ್ರೀತಿಗೆ ಶುರು ಮಾಡಿದ್ದಾಳೆ, ಅಪ್ಪನೇ ಜೊತೆ ಕೂತು ಉಣಿಸಲಿ.

ನಮ್ಮ ಮಲೆನಾಡಿನ ಅಡುಗೆಯಲ್ಲಿ ಯಾವುದು ಹಸಿ, ಯಾವುದಕ್ಕೆ ಬೆಂಕಿ ಎಂಬ ವಿವೇಕ ಮೊದಲಿನಿಂದ ಇದೆ. ಸೌತೆಕಾಯಿ, ನೆನೆಸಿದ ಹೆಸರುಬೇಳೆ ಹಸಿಯಾಗಿಯೇ ಕೋಸಂಬರಿಗೆ ಬರುತ್ತವೆ. ಒಂದೆಲಗವನ್ನು ಹಸಿಯಾಗಿ ಅರೆದು ತಂಬುಳಿ ಮಾಡುತ್ತೇವೆ, ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿಕೊಳ್ಳುತ್ತೇವೆ. ಕೆಸುವಿನೆಲೆಗೆ ಹುಣಸೆಹುಳಿಯೂ ಬೇಕು, ಹಬೆಯೂ ಬೇಕು. ಅದರಲ್ಲಿರುವ ಸೂಜಿಯಂಥ ಹರಳುಗಳು ಗಂಟಲು ಕೆರೆಯದಿರಲು ಅದೇ ದಾರಿ. ಹಲಸಿನ ಬೀಜ, ಸುವರ್ಣಗಡ್ಡೆ, ಮರಗೆಣಸು, ರಾಜ್ಮಾ ಇವನ್ನು ಯಾರು ಏನೇ ಹೇಳಲಿ ಹಸಿ ತಿನ್ನಬೇಡಿ. ಕರೆದ ಹಾಲನ್ನು ಕಾಯಿಸದೆ ಕುಡಿಯುವುದೂ ಸಲ್ಲದು, ಬ್ರುಸೆಲ್ಲಾ ಜ್ವರ ಬರುವ ದಾರಿಯದು.

ನನ್ನ ಸಲಹೆ ಇಷ್ಟು: ಅನ್ನ ಅಳತೆಯಲ್ಲಿರಲಿ, ಅದಕ್ಕೆ ಮೊದಲು ಒಂದು ದೊಡ್ಡ ಬಟ್ಟಲು ಕೋಸಂಬರಿ. ಬೇಯಿಸಿದ ಪಲ್ಯ, ಬೇಳೆ, ಮಜ್ಜಿಗೆ ಇರಲಿ. ಹಣ್ಣನ್ನು ಜ್ಯೂಸ್ ಮಾಡದೆ ಅಗಿದು ತಿನ್ನಲಿ, ರಾತ್ರಿ ಊಟದ ಬದಲಿಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ. ಹಸಿಯದು, ಬೆಂದದ್ದು ಎರಡೂ ಅದರ ಲೆಕ್ಕಕ್ಕೆ ಸೇರುತ್ತವೆ. ಶಿಬಿರದಲ್ಲಿ ಸೈಂಧವ ಉಪ್ಪು ಬಳಸಲು ಹೇಳಿದ್ದರೆ ಅದನ್ನು ಬಿಡಿ. ಮಳೆ ಹೆಚ್ಚಿರುವ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ಕೊಚ್ಚಿಹೋಗಿರುತ್ತದೆ, ನಮಗೆ ಅಯೋಡಿನ್ ಸೇರಿಸಿದ ಉಪ್ಪೇ ಬೇಕು.

ಮಳೆಗಾಲದಲ್ಲಿ ಇನ್ನಷ್ಟು ಜಾಗ್ರತೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದಾಗ ಮೈಲುತುತ್ತದ ನೀರು ಅಡಿಕೆ ಮರದಡಿಯ ಸೊಪ್ಪಿನ ಮೇಲೆಲ್ಲ ತೊಟ್ಟಿಕ್ಕಿರುತ್ತದೆ. ಆ ಸೊಪ್ಪು ಕೊಯ್ಯಬೇಡಿ. ಗದ್ದೆಯಂಚಿನ ಒಂದೆಲಗಕ್ಕೆ ಇಲಿಯ ಮೂತ್ರ, ದನದ ಸಗಣಿ ತಾಗಿರುವುದುಂಟು. ಹಸಿ ತಿನ್ನುವುದಕ್ಕೆಂದೇ ಹಿತ್ತಲಲ್ಲಿ ನಾಲ್ಕು ಕುಂಡ ಇಟ್ಟುಕೊಳ್ಳಿ. ಬಾವಿ ನೀರೋ ಅಬ್ಬಿ ನೀರೋ, ಹಸಿ ತರಕಾರಿಯ ಕೊನೆಯ ತೊಳೆತ ಕುದಿಸಿ ಆರಿಸಿದ ನೀರಿನಲ್ಲಾಗಲಿ. ಮೊಳಕೆ ಬರಿಸುವ ಬೆಚ್ಚನೆಯ ತೇವದಲ್ಲಿ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ, ಆದ್ದರಿಂದ ಮೊಳಕೆಕಾಳನ್ನು ಐದು ನಿಮಿಷ ಹಬೆಯಲ್ಲಿಟ್ಟೇ ತಿನ್ನಿ.

ಪ್ರಶ್ನೆ: ಕಳಲೆಯನ್ನು (ಎಳೆ ಬಿದಿರಿನ ಮೊಳಕೆ) ನೆನೆಸದೆ ಸಲಾಡಿಗೆ ಹಾಕಬಹುದೇ? ನೆನೆಸಿದರೆ ಸತ್ವ ಹೋಗುತ್ತದೆ ಎನ್ನುತ್ತಾರೆ. (ಸಾಗರದ ಓದುಗರು)

ಉತ್ತರ: ಹಾಕಬಾರದು. ಹಸಿ ಕಳಲೆಯನ್ನು ಹೆಚ್ಚಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಡಿ, ದಿನಾ ನೀರು ಬದಲಿಸಿ. ಆಮೇಲೆ ಮುಚ್ಚಳ ತೆರೆದು ಕುದಿಸಿ, ಆ ನೀರನ್ನೂ ಬಸಿದು ಚೆಲ್ಲಿ. ಸ್ವಲ್ಪ ಸತ್ವ ಹೋದರೂ ನಾರಿನಂಶ ಉಳಿಯುತ್ತದೆ. ನೆನೆಸಿಟ್ಟ ನೀರನ್ನು ದನಕರು ಕುಡಿಯುವ ಕಡೆ ಚೆಲ್ಲಬೇಡಿ.