ಅಕ್ಕನ ಕಂಪಾಸ್ ಬಾಕ್ಸ್

ಬಾಲ್ಯವನ್ನು ಮುಚ್ಚುಮರೆ ಇಲ್ಲದೆ ಬರೆದ ಆತ್ಮಕಥೆಯಿಂದ ಏನು ಕಲಿಯಬಹುದು, ನಾವೇ ಹಾಗೆ ಬರೆದರೆ ಮನೆಯವರಿಗೆ ನೋವಾಗುವುದಿಲ್ಲವೇ ಅಂತ ಕೇಳಿದ್ದೀರಿ. ಈ ಪ್ರಶ್ನೆ ನನ್ನನ್ನೂ ತುಂಬಾ ಕಾಡಿದೆ.

ನಾನು ಬೆಳೆದದ್ದು ಮುಂಬಯಿಯ ಘಾಟ್‌ಕೋಪರಿನ ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ. ಅಪ್ಪ ಉಡುಪಿ ಕಡೆಯವರು, ಹೋಟೆಲಿನಲ್ಲಿ ಕೆಲಸ. ನಾನೂ ಅಕ್ಕನೂ ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಹೋಗುತ್ತಿದ್ದೆವು. ಅಲ್ಲಿ ಇದ್ದದ್ದು ಏಳನೇ ತನಕ. ಮುಂದೆ ಹೈಸ್ಕೂಲಿನ ಫೀಸು, ರೈಲಿನ ಪಾಸು. ಅಕ್ಕನ ಓದು ಏಳಕ್ಕೇ ನಿಂತಿತು.

ನಮ್ಮ ಕನ್ನಡ ಸಂಘದ ಸಂಚಿಕೆಗೆ ಇದನ್ನೆಲ್ಲ ಬರೆಯಲು ಕೂತಾಗ, 'ಅಕ್ಕ ಶಾಲೆ ಬಿಟ್ಟ ದಿನ ನಾನು ತುಂಬಾ ಅತ್ತೆ' ಅಂತ ಬರೆದೆ. ಗೆಳೆಯನೊಬ್ಬ ಓದಿ ಚೆನ್ನಾಗಿದೆ ಅಂದ. ಆದರೆ ನಾನು ಅತ್ತಿರಲಿಲ್ಲ.

ಅದೇ ಹೊತ್ತಿಗೆ ದಯಾ ಪವಾರರ 'ಬಲುತ' ಓದಿದೆ. 1978ರಲ್ಲಿ ಬಂದ ಮರಾಠಿ ಆತ್ಮಕಥೆ. ಊರಿನ ಚಾಕರಿಗೆ ದಲಿತರಿಗೆ ಸಿಗುತ್ತಿದ್ದ ಕಾಳಿನ ಪಾಲಿಗೆ ಬಲುತ ಅನ್ನುತ್ತಾರೆ. ಲೇಖಕರು ಚಿಕ್ಕವರಿದ್ದಾಗ ಸ್ವಲ್ಪ ಕಾಲ ಇದ್ದದ್ದು ಇದೇ ಮುಂಬಯಿಯ ಕಾವಾಖಾನಾ ಅನ್ನುವ ಜಾಗದಲ್ಲಿ. ಪುಸ್ತಕದಲ್ಲಿ ದಗಡೂ ಅನ್ನುವವನು, ಓದಿ ದೊಡ್ಡವನಾದ ದಯಾ ಪವಾರನಿಗೆ ತನ್ನ ಕಥೆ ಹೇಳುತ್ತಾನೆ. ಇಬ್ಬರೂ ಒಬ್ಬರೇ. ಅದು ನನಗೆ ದೊಡ್ಡ ಪಾಠ. ನನ್ನ ಬರಹದಲ್ಲಿ ಮಾತಾಡಿದ್ದು ಬರೀ ಐವತ್ತು ದಾಟಿದ ನಾನು. ನನ್ನೊಳಗಿನ ಆ ಹುಡುಗನಿಗೆ ಬಾಯಿ ಬಿಡಲು ಬಿಟ್ಟೇ ಇರಲಿಲ್ಲ.

ಬಿಟ್ಟಾಗ ಅವನು ಹೇಳಿದ್ದೇ ಬೇರೆ. ಆ ದಿನ ನನಗೆ ಖುಷಿಯಾಗಿತ್ತು. ಅಕ್ಕನ ಕಂಪಾಸ್ ಬಾಕ್ಸ್ ನನ್ನದಾಯಿತು. ಹಳದಿ ಡಬ್ಬಿ. ಮುಚ್ಚಳದ ಒಳಗೆ ಕೈವಾರದ ಮೊನೆಯಿಂದ ಅವಳು ತನ್ನ ಹೆಸರು ಗೀಚಿಟ್ಟಿದ್ದಳು. ಅದೇ ಕೈವಾರದಿಂದ ನಾನು ಆ ಹೆಸರನ್ನು ಕೆರೆದೆ, ಬಣ್ಣ ಹೋಗಿ ತಗಡು ಹೊಳೆಯುವ ತನಕ. ಅಕ್ಕ ಮೋರಿಯಲ್ಲಿ, ಅಂದರೆ ಖೋಲಿಯ ಮೂಲೆಯ ಬಚ್ಚಲಿನಲ್ಲಿ, ಪಾತ್ರೆ ತಿಕ್ಕುತ್ತಾ ನೋಡುತ್ತಿದ್ದಳು. ಏನೂ ಹೇಳಲಿಲ್ಲ.

ಬಡತನದ ಬಗ್ಗೆ ಎಷ್ಟು ಪುಟ ಬೇಕಾದರೂ ಬರೆಯಬಹುದು. ಈ ನಾಲ್ಕು ಸಾಲು ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ಓದುಗರಿಗೂ ಇಂಥ ಸಾಲೇ ಜಾಸ್ತಿ ತಾಗುವುದು. 'ಬಲುತ' ಓದುವಾಗ ನನಗೆ ನಮ್ಮ ಮೋರಿ, ಆ ಡಬ್ಬಿ ನೆನಪಾಯಿತಲ್ವಾ, ಹಾಗೆ.

ಮನೆಯವರ ವಿಷಯ. ನಮ್ಮ ತಪ್ಪು ಹೇಳಿಕೊಳ್ಳುವುದು ಬೇರೆ, ಇನ್ನೊಬ್ಬರ ಗುಟ್ಟು ಬೀದಿಗೆ ತರುವುದು ಬೇರೆ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ನಾನು ಡೊಂಬಿವಲಿಗೆ ಹೋಗಿ ಅಕ್ಕನ ಮುಂದೆ ಕೂತು ಓದಿದೆ. ಗಂಟಲು ಕಟ್ಟಿ ಎರಡು ಸಲ ನಿಲ್ಲಿಸಿದೆ. ಅವಳು ಪೂರ್ತಿ ಕೇಳಿದಳು.

"ಆ ಡಬ್ಬಿಯಲ್ಲಿ ಕೋನಮಾಪಕ ಇರಲಿಲ್ಲ ಮಾರಾಯ" ಅಂದಳು. "ಕೊಡುವ ಮೊದಲೇ ತೆಗೆದಿಟ್ಟುಕೊಂಡಿದ್ದೆ. ಈಗಲೂ ನನ್ನ ಹತ್ತಿರ ಉಂಟು. ಅದನ್ನೂ ಬರಿ."