ಡಾ ವಿಂಚಿ ವಾಚಿನ ತಾರೀಖು ಎರಡು ದಿನ ಮುಂದೆ ಹೋಗಿದ್ದರೆ

ಸ್ವಿಸ್ ಕಂಪನಿ ಐಡಬ್ಲ್ಯುಸಿಯ ಹಳೆಯ ಡಾ ವಿಂಚಿ ವಾಚು ಕೊಂಡಿದ್ದೀರಿ, ತಾರೀಖು ತಿದ್ದುವಾಗ ಎರಡು ದಿನ ಮುಂದೆ ಹೋಯಿತು, ಹಿಂದಕ್ಕೆ ತಿರುಗಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ ಸರ್. ಪ್ರಯತ್ನವೂ ಬೇಡ.

1985ರಲ್ಲಿ ಬಂದ, ಕಂಪನಿಯ ಗಡಿಯಾರ ತಜ್ಞ ಕುರ್ಟ್ ಕ್ಲಾಸ್ ರೂಪಿಸಿದ ಈ ವಾಚಿನಲ್ಲಿ ವಾರ, ತಾರೀಖು, ತಿಂಗಳು, ವರ್ಷ, ಚಂದ್ರ ಎಲ್ಲವೂ ಒಂದೇ ಸರಪಳಿಯಂತೆ ಜೋಡಿಸಿವೆ. ಕ್ರೌನ್ (ಪಕ್ಕದ ತಿರುಗಿಸುವ ಗುಂಡಿ) ಒಂದರಿಂದಲೇ ಎಲ್ಲ ಮುಂದಕ್ಕೆ ಸಾಗುತ್ತವೆ, ಹಿಂದಕ್ಕಂತೂ ಇಲ್ಲ. ಸುಮ್ನೆ ಬಿಚ್ಚಿ ಮೇಜಿನ ಮೇಲಿಡಿ. ಕೀ ಇಳಿದು ತಾನೇ ನಿಲ್ಲುತ್ತದೆ. ನಿಂತ ಮೇಲೆ ಎರಡು ದಿನ ಕಾಯಿರಿ. ನಿಜವಾದ ತಾರೀಖು ವಾಚಿನಲ್ಲಿ ನಿಂತ ತಾರೀಖಿಗೆ ಬಂದು ಸೇರಿದಾಗ ಕೀ ಕೊಟ್ಟು ಸಮಯ ಇಡಿ. ಮುಳ್ಳು ಮಧ್ಯಾಹ್ನದ 12ರಲ್ಲಿದೆಯೋ ನಡುರಾತ್ರಿಯ 12ರಲ್ಲೋ ಅಂತ ನೋಡಿಕೊಳ್ಳಿ, ಎಡವೋದು ಅಲ್ಲೇ ಜಾಸ್ತಿ. ನಡುರಾತ್ರಿಯ ಆಸುಪಾಸಿನಲ್ಲಿ ತಾರೀಖು ತಿದ್ದಲೇಬೇಡಿ, ಆಗ ತಾರೀಖು ಬದಲಿಸುವ ಚಕ್ರಗಳ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ಇನ್ನೊಂದು. ಡಬ್ಬಿಯಲ್ಲಿ ಪುಟ್ಟ ಗಾಜಿನ ಕೊಳವೆ ಇದೆಯಾ? ಅದರೊಳಗಿನ ಸಣ್ಣ ಪಟ್ಟಿ, ವರ್ಷದ ಮೊದಲೆರಡು ಅಂಕಿ ತೋರಿಸೋದು, 2200ರಿಂದ ಮುಂದಿನ ಶತಮಾನಗಳಿಗೆ. ನಮಗೆ ಬೇಡವೇ ಬೇಡ, ಆದರೆ ಸಂಗ್ರಹಕಾರರು ಮೊದಲು ಕೇಳೋದೇ ಅದನ್ನು! 2100 ಅಧಿಕ ವರ್ಷವಲ್ಲ, ಆದರೂ ವಾಚು ಫೆಬ್ರವರಿ 29 ತೋರಿಸುತ್ತದೆ; ಆ ಮಾರ್ಚ್ 1ಕ್ಕೆ ಮೊಮ್ಮಕ್ಕಳು ಒಂದು ದಿನ ಮುಂದೆ ತಳ್ಳಿದರೆ ಸಾಕು.